ಪಕ್ಕದ ಬಟ್ಟಲು

ಹಿಟ್ಟಿನ ಮುದ್ದೆಯನ್ನು ನಡುವೆ ಹಿಚುಕಿ ಎರಡು ಮಾಡುತ್ತಾರಲ್ಲ, ಹಾಗೆ ಒಡೆಯುತ್ತಿದ್ದವು ಅವು. ಮೈಕ್ರೋಸ್ಕೋಪಿನ ಕೆಳಗಿನ ಗಾಜಿನ ಬಟ್ಟಲಲ್ಲಿ ಅಕ್ಕನ ಎದೆಯ ಗಂಟಿನಿಂದ ತೆಗೆದ ಕೋಶಗಳು. ನೋಡಿದಾಗಲೆಲ್ಲ ಒಂದಲ್ಲ ಒಂದು ನಡು ಸಣ್ಣಗಾಗಿ ನಿಂತಿರುತ್ತಿತ್ತು. ನಾನು ಹಲ್ಲು ಕಡಿಯುತ್ತಿದ್ದೆ.

ಅವನ್ನು ನಿಲ್ಲಿಸುವ ಔಷಧಿ ಕಟ್ಟುತ್ತಿದ್ದವರು ಪ್ರಯೋಗಶಾಲೆಯ ಕುಸುಗಲ್ ಮೇಡಂ. ಕರಿಹಲಗೆಯ ಮೇಲೆ ರಸಾಯನದ ಆರು ಮೂಲೆಯ ಮನೆಗಳನ್ನು ಬರೆದು, ಒಂದಕ್ಕೆ ಬಾಲ ಹಚ್ಚಿ, ಇನ್ನೊಂದರ ಬಾಲ ಕಿತ್ತು, ಅದರಂತೆಯೇ ಸೀಸೆಯಲ್ಲಿ ಹೊಸ ಪುಡಿ ಮಾಡುತ್ತಿದ್ದರು. ಕೋಶ ಎರಡಾಗುವಾಗ ಒಳಗೆ ಹಗ್ಗದಂಥ ಎಳೆಗಳೆದ್ದು ಅದನ್ನು ಎರಡು ಕಡೆಗೆ ಜಗ್ಗುತ್ತವಂತೆ. ಆ ಎಳೆ ಕಟ್ಟಗೊಡದಿರುವುದೇ ಪುಡಿಯ ಕೆಲಸ. ಅಕ್ಕನ ಬಟ್ಟಲಿನ ಪಕ್ಕದಲ್ಲಿ ನನ್ನದೊಂದು ಬಟ್ಟಲು. ಅದರಲ್ಲಿ ನನ್ನ ತೋಳಿನ ಚರ್ಮದ ಚೂರು. ಎರಡಕ್ಕೂ ಒಂದೇ ಪುಡಿ. ನನ್ನದು ಯಾಕೆ ಎಂದು ನಾನು ಕೇಳಲಿಲ್ಲ. ಕಲಿತವರನ್ನು ಕೇಳುವುದು ನನ್ನ ಜಾಯಮಾನವಲ್ಲ. ನನ್ನವು ಕೆಲವು ಸಲ ಒಡೆದು ಮುದಿಯಾಗುತ್ತಿದ್ದವು, ಮತ್ತೆ ತೋಳು ಕೊಡಬೇಕಾಗುತ್ತಿತ್ತು. ಅಕ್ಕನವಕ್ಕೆ ಮುಪ್ಪೇ ಇರಲಿಲ್ಲ.

“ನನ್ನವು ಹೆಂಗದಾವಲೇ?” ಮನೆಗೆ ಹೋದರೆ ನೀಲವ್ವಕ್ಕ ಕೇಳುತ್ತಿದ್ದಳು.

“ಭಾಳ ಜೋರದಾವ.”

“ಮತ್ತ! ಯಾರವು ಅಂತೀ? ನಿನ್ನಂಗ ಸಾಲಿ ಬಿಟ್ಟು ಓಡೂ ಪೈಕಿ ಅಲ್ಲ.” ನಕ್ಕರೆ ಅವಳಿಗೆ ಉಬ್ಬಸ ಬರುತ್ತಿತ್ತು.

ಒಂದು ಮುಂಜಾನೆ ಅಕ್ಕನ ಬಟ್ಟಲಲ್ಲಿ ಹಿಚುಕಿದ ಮುದ್ದೆ ಒಂದೂ ಕಾಣಲಿಲ್ಲ. ಎಲ್ಲವೂ ದುಂಡಗೆ, ಇದ್ದಲ್ಲೇ ಸಿಕ್ಕಿಕೊಂಡಿದ್ದವು. ನಾನು ಕುಣಿದೇಬಿಟ್ಟೆ. ಮೇಡಂ ಪಕ್ಕದ ಬಟ್ಟಲನ್ನೂ ನೋಡಿ, ಸೀಸೆಯನ್ನು ಅತ್ತ ಸರಿಸಿದರು.

“ನಿನ್ನವೂ ನಿಂತಾವ. ಇದು ಬ್ಯಾಡ.”

ನನ್ನ ನೆತ್ತಿ ಕಾಯಿತು. “ನನ್ನವು ಹಾಳಾಗಿ ಹೋಗ್ಲಿರೀ! ಸಾಯಾಕತ್ತಿದಾಕಿ ಅಕ್ಕ, ನಾನಲ್ಲ. ನಿಮಗ ಬಟ್ಟಲಾ ದೊಡ್ಡವು, ಮಂದಿ ಅಲ್ಲ!” ಸೀಸೆಗೆ ಕೈ ಹಾಕಿದೆ.

ಅವರು ತಡೆಯಲಿಲ್ಲ. “ಒಯ್ಯಿ. ಆದ್ರ ಆ ಬಟ್ಟಲದಾಗ ಇರಾಂವ ನೀನಂತ ತಿಳಿದೀಯೇನೋ, ಹುಚ್ಚಪ್ಪ? ಅದು ನಿಮ್ಮಕ್ಕ ಇದ್ದಂಗ. ಗಂಟು ಬಿಟ್ಟು ಉಳಿದ ಅಕ್ಕ. ಆಕಿ ಕರುಳು, ಆಕಿ ರಕ್ತ, ಆಕಿ ಕೂದಲ. ಆಕಿ ಬದುಕಬೇಕಂದ್ರ ಅವೂ ದಿನಾ ಒಡೀಬೇಕು. ಆಕಿ ಮೈ ಚೂರಿ ತಡಿಯಂಗಿಲ್ಲಂತ ನಿನ್ನ ತೋಳು ಕೇಳೀನಿ.”

ನನ್ನನ್ನು ಉಳಿಸುವುದಕ್ಕಾಗಿ ಅಕ್ಕನನ್ನು ಕಾಯಿಸುತ್ತಿದ್ದಾರೆ ಅಂದುಕೊಂಡೇ ನಾನು ಉರಿದುಬಿದ್ದಿದ್ದೆ. ಸೀಸೆ ಕೆಳಗಿಟ್ಟೆ. ಸಿಟ್ಟೇನೂ ಹೋಗಲಿಲ್ಲ, ಯಾರ ಮೇಲೆ ಹಾಕಬೇಕೆಂಬುದು ಮಾತ್ರ ತಿಳಿಯದೆ ಹೋಯಿತು.

ಮೇಡಂ ಇನ್ನೊಂದು ಬಾಲ ಕಿತ್ತರು, ಮತ್ತೊಂದು ಹಚ್ಚಿದರು. ನಾನು ಅವರ ಬಾಗಿಲಲ್ಲಿ ಶತಪಥ ಹಾಕಿದೆ. ಚಳಿ ಬೀಳುವ ಹೊತ್ತಿಗೆ ಅಕ್ಕ ಹೋದಳು. ಹೊಸ ಪುಡಿಯ ಬಟ್ಟಲಲ್ಲಿ ಅವಳ ಗಂಟು ಇನ್ನೂ ಬೆಳೆಯುತ್ತಲೇ ಇತ್ತು.

ಮಣ್ಣು ಮಾಡಿದ ಕೆಲವು ದಿನಗಳ ಮೇಲೆ ಮತ್ತೆ ಹೋಗಿ, ಅಂಗಿಯ ತೋಳು ಮಡಚಿ ನಿಂತೆ.

“ಇನ್ಯಾಕೋ ತಮ್ಮಾ?” ಎಂದರು ಮೇಡಂ.

“ಆ ಗಂಟು ನಿಲ್ಲೂತನಾ ನಾ ಬಿಡಂಗಿಲ್ಲರಿ. ಬಾಜೂಕಿನ ಬಟ್ಟಲದಾಗ ಅಕ್ಕ ಇರಬೇಕಲ್ಲ?”

ಅವರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದರು. ಹಳೆಯ ಗಾಯಗಳ ನಡುವೆ ತುಸು ಬಿಡುವಿನ ಚರ್ಮವನ್ನು ಹುಡುಕುತ್ತ, ಅವರ ಬೆರಳು ಬಹಳ ಹೊತ್ತು ನನ್ನ ತೋಳಿನ ಮೇಲೆ ಓಡಾಡಿತು.