ನೂರ ಹದಿನೇಳು

ನೂರ ಹದಿನೇಳು. ಹಾರ್ಲನ್ ಟ್ವೇಟ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಗಾಜು ತಿಳಿಯಾಯಿತು, ಅಂಕಿ ಹಾಗೇ ಇತ್ತು.

ಪದವಿಗೆ ನೂರಿಪ್ಪತ್ತು ಕ್ರೆಡಿಟ್ ಬೇಕು. ಪರದೆಯ ಮೇಲೆ ಲೋರ್ನಾ ಪೆಲ್ಟೋಲಾಳ ಒಂಬತ್ತು ವರ್ಷದ ಓದು ಸಾಲಾಗಿ ನಿಂತಿತ್ತು. ಗಣಿತಕ್ಕೆ ಹಸಿರು ಗುರುತು, ಚರಿತ್ರೆಗೆ ಹಸಿರು, ಪಾಠ ಹೇಳುವ ತರಬೇತಿಗೆ ಹಸಿರು. ಕೊನೆಯಲ್ಲಿ ಒಂದೇ ಒಂದು ಕೆಂಪು ಸಾಲು, ಹುಲ್ಲಿನೊಳಗೆ ಮಲಗಿದ ಹಾವಿನ ಹಾಗೆ.

ಎಲ್ಲಿ ತಪ್ಪಿತೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡು ವರ್ಷದ ಹಿಂದೆ ಭೂವಿಜ್ಞಾನದಲ್ಲಿ ಅವಳು ಹೇಗೋ ದಡ ಮುಟ್ಟಿದ್ದಳು. "ಇನ್ನೊಂದು ಸಲ ತಗೋ, ನಷ್ಟ ಏನಿಲ್ಲ. ದರ್ಜೆನೂ ಏರುತ್ತೆ, ಇನ್ನೂ ಮೂರು ಕ್ರೆಡಿಟ್ಟೂ ಸೇರುತ್ತೆ" ಎಂದಿದ್ದ ಅವಳ ಸಲಹೆಗಾರ. ಒಂದೇ ವಿಷಯವನ್ನು ಎಷ್ಟು ಸಲ ಓದಿದರೂ ಲೆಕ್ಕಕ್ಕೆ ಒಂದೇ ಸಲ. ಎರಡನೆಯದನ್ನು ಕಂಪ್ಯೂಟರು ಕೊನೆಯ ತಪಾಸಣೆಯಲ್ಲಿ ಕಳೆದುಬಿಡುತ್ತದೆ. ಸಲಹೆಗಾರನಾದವನು ಇದನ್ನು ತಿಳಿದಿರಬೇಕು. ಆ ಸಲಹೆಗಾರ ಹಾರ್ಲನ್ನೇ.

ದಾರಿ ಇಲ್ಲದಿರಲಿಲ್ಲ. ವಿನಾಯಿತಿಯ ಫಾರಂ ಮೇಜಿನ ಎರಡನೆಯ ಖಾನೆಯಲ್ಲಿತ್ತು. ಇಂದು ನಾಲ್ಕು ಗಂಟೆಯೊಳಗೆ ಸಮಿತಿಗೆ ಮುಟ್ಟಿದರೆ ಆಯಿತು. ಸಲಹೆಗಾರ ತನ್ನ ತಪ್ಪೆಂದು ಬರೆದು ಸಹಿ ಹಾಕಿದಾಗ ಸಮಿತಿ ಯಾರಿಗೂ ಇಲ್ಲವೆಂದದ್ದಿಲ್ಲ. ಇಂದು ತಪ್ಪಿದರೆ ಮುಂದಿನ ಸಭೆ ಸೆಪ್ಟೆಂಬರಿಗೆ. ಜೂನ್ ಒಂದರೊಳಗೆ ಪದವಿ ತೋರಿಸದಿದ್ದರೆ ಊರಿನ ಶಾಲೆಯಲ್ಲಿ ಲೋರ್ನಾಳಿಗೆಂದು ಗೊತ್ತಾಗಿರುವ ಟೀಚರ್ ಕೆಲಸ ಇನ್ನೊಬ್ಬರ ಪಾಲು.

ಫಾರಂ ತೆಗೆದು ಅವಳ ಹೆಸರು ಬರೆದ. 'ತಪ್ಪು ಯಾರಿಂದಾಯಿತು?' ಎಂಬ ಚೌಕದ ಬಳಿ ಪೆನ್ನು ನಿಂತಿತು. ಮೂವತ್ತೊಂದು ವರ್ಷ ಆ ಚೌಕದಲ್ಲಿ ಅವನು ಬೇರೆ ಸಲಹೆಗಾರರ ಹೆಸರುಗಳನ್ನೇ ಓದಿದ್ದ. ಓದಿ, ಒಳಗೊಳಗೇ ನಕ್ಕಿದ್ದ.

ಹತ್ತಕ್ಕೆ ಲೋರ್ನಾ ಬಂದಳು. ನಲವತ್ತಾರರ ಹೆಂಗಸು, ಶಾಲಾ ಬಸ್ಸಿನ ಚಾಲಕಿ. ಬೆಳಗಿನ ಸರದಿ ಮುಗಿಸಿ ಅದೇ ಜಾಕೀಟಿನಲ್ಲಿ ಬಂದಿದ್ದಳು. ಹಾರ್ಲನ್ ಫಾರಮ್ಮಿನ ಮೇಲೆ ಮೊಣಕೈ ಊರಿದ.

"ಏನು ಹಾರ್ಲನ್, ದೆವ್ವ ಕಂಡೋರ ಹಾಗೆ ಕೂತಿದೀರಿ? ತಗೊಳ್ಳಿ, ಸಿಹಿ. ಅಪ್ಪ ಮಾಡಿದ್ದು. ಎಂಬತ್ಮೂರನೇ ವಯಸ್ಸಲ್ಲಿ ಮೊದಲ್ನೇ ಸಲ ಒಲೆ ಹಚ್ಚಿದಾರೆ. ನನ್ನ ಪದವಿಗಿಂತ ಅದೇ ದೊಡ್ಡ ಪವಾಡ."

"ಇದೆಲ್ಲ ಯಾಕೆ?"

"ನೀವಿಲ್ದೆ ನಾನೆಲ್ಲಿ? ಎಲ್ಲಾ ಹಸಿರು ತಾನೇ?"

ಅವನು ಪರದೆಯನ್ನು ತುಸು ತನ್ನ ಕಡೆಗೆ ತಿರುಗಿಸಿಕೊಂಡ.

"ನಾಳೆ ಪದವಿ ಸಮಾರಂಭದಲ್ಲಿ ವೇದಿಕೆ ಹತ್ತೋಕೆ ನಿನಗೆ ಅಡ್ಡಿ ಏನಿಲ್ಲ."

ಸುಳ್ಳಲ್ಲ. ವೇದಿಕೆ ಹತ್ತಲು ಯಾರಿಗೂ ಅಡ್ಡಿಯಿಲ್ಲ. ಅಲ್ಲಿ ಕೊಡುವುದು ಬರೀ ರಟ್ಟಿನ ಫೋಲ್ಡರು. ಒಳಗಿನ ಪ್ರಮಾಣಪತ್ರ ಆಮೇಲೆ ಅಂಚೆಯಲ್ಲಿ ಬರುತ್ತದೆ, ಬರುವವರಿಗೆ.

"ಒಂಬತ್ತು ವರ್ಷ ಈ ಊರಿನ ಮಕ್ಕಳು ನನ್ನ ಬೆನ್ನಷ್ಟೇ ನೋಡಿದಾವೆ" ಎಂದಳು ಲೋರ್ನಾ. "ಇನ್ಮೇಲೆ ಮುಖಾನೂ ನೋಡ್ಲಿ. ಪಾಪ, ಹೆದರಿಕೊಳ್ತಾವೆ."

ಎಲ್ಲಿ ನಗಬೇಕೋ ಅಲ್ಲಿ ಹಾರ್ಲನ್ ನಕ್ಕ.

ಅವಳು ಹೋದ ಮೇಲೆ ಸಿಹಿ ತಿಂದ. ಚೆನ್ನಾಗಿತ್ತು. ಇನ್ನೊಂದು ತಿಂದ.

ಮಧ್ಯಾಹ್ನ ಕಿಟಕಿಯಾಚೆ ಸರೋವರದ ಕೊನೆಯ ಮಂಜುಗಡ್ಡೆ ಕರಗುತ್ತಿತ್ತು. ಪ್ರತಿ ಭಾನುವಾರ ಚರ್ಚಿನ ಮೂರನೆಯ ಬೆಂಚಿನಲ್ಲಿ ನಿಂತು, ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಅವನು ಕ್ಷಮೆ ಬೇಡುತ್ತಾನೆ. ಎರಡನೆಯ ಮಾತು ಬರುವ ಹೊತ್ತಿಗೆ ಮನಸ್ಸು ಊಟದ ಕಡೆ ಹೊರಟಿರುತ್ತದೆ. ದೇವರು ಕಾಯುವವನು, ಭಾನುವಾರದವರೆಗೆ ಕಾದಾನು. ಸಮಿತಿ ನಾಲ್ಕರವರೆಗೆ ಮಾತ್ರ.

ಮೂರೂ ಮುಕ್ಕಾಲಿಗೆ ಕಚೇರಿಯ ಡೋರಿಸ್ ಬಾಗಿಲಲ್ಲಿ ಇಣುಕಿದಳು. "ಸಮಿತಿಗೆ ಕೊಡೋದೇನಾದ್ರೂ ಇದ್ಯಾ? ಆಮೇಲೆ ಏಸುವೇ ಬಂದು ಬಾಗಿಲು ಬಡಿದ್ರೂ ನಾನು ತೆಗೆಯೋಳಲ್ಲ."

"ಏನಿಲ್ಲ."

"ಮತ್ತೆ ಮೊಣಕೈ ಕೆಳಗಿರೋದು?"

"ಹಳೇದು."

ಅವಳು ಹೋದಳು. ಹಾರ್ಲನ್ ಲೋರ್ನಾಳ ದಾಖಲೆ ತೆರೆದು ಟಿಪ್ಪಣಿಯ ಜಾಗದಲ್ಲಿ ಟೈಪು ಮಾಡಿದ: 'ಒಂದೇ ವಿಷಯದ ಮರು ಓದಿನ ನಿಯಮವನ್ನು ವಿದ್ಯಾರ್ಥಿನಿಗೆ ತಿಳಿಸಲಾಗಿದೆ.' ಓದಿ ನೋಡಿದ. ಒಂದು ಅಕ್ಷರ ತಪ್ಪಿತ್ತು, ತಿದ್ದಿದ.

ಐದಕ್ಕೆ ವ್ಯಾಯಾಮಶಾಲೆಯಲ್ಲಿ ನಾಳೆಯ ನಡಿಗೆಯ ಅಭ್ಯಾಸ. ಡೀನ್ ಬಂದಿರಲಿಲ್ಲ, ಫೋಲ್ಡರು ಕೊಡಲು ಅವರ ಜಾಗದಲ್ಲಿ ಹಾರ್ಲನ್ ನಿಂತ. "ಬಲಗೈಲಿ ಕೈ ಕುಲುಕಿ, ಎಡಗೈಲಿ ತಗೊಳ್ಳಿ" ಎಂದು ಡೋರಿಸ್ ಕೆಳಗಿನಿಂದ ಕೂಗುತ್ತಿದ್ದಳು. ಅಭ್ಯಾಸಕ್ಕೆಂದು ಇದ್ದದ್ದು ಒಂದೇ ಫೋಲ್ಡರು. ಪಡೆದವರು ಮೆಟ್ಟಿಲಿಳಿದು ಅವಳ ಕೈಗಿಡುವರು, ಅವಳು ಅದನ್ನು ಮತ್ತೆ ಮೇಲಕ್ಕೆ ಚಾಚುವಳು.

ಲೋರ್ನಾ ಎರಡೂ ಕೈ ಒಟ್ಟಿಗೆ ನೀಡಿ ಎಡವಟ್ಟು ಮಾಡಿದಳು. ಫೋಲ್ಡರು ತೆರೆದು ನೋಡಿದಳು.

"ಅಯ್ಯೋ, ಖಾಲಿ! ನಾಳೆನೂ ಎಲ್ಲರದೂ ಖಾಲೀನೇ ತಾನೇ?"

"ಎಲ್ಲರದೂ."

"ಕೈ ತಪ್ತು ನೋಡಿ. ಇನ್ನೊಂದು ಸಲ ಬರ್ತೀನಿ."

"ಸಾಕು ಲೋರ್ನಾ."

"ನೀವೇ ಹೇಳಿದ್ದಲ್ವಾ, ಇನ್ನೊಂದು ಸಲ ಮಾಡಿದ್ರೆ ನಷ್ಟ ಏನಿಲ್ಲ ಅಂತ?"

ಸಾಲು ಕರಗಿತು. ಉಳಿದವರು ಮನೆಗೆ ಹೊರಟರು. ಲೋರ್ನಾ ಒಬ್ಬಳೇ ಮತ್ತೆ ಬಂದಳು, ಪಡೆದಳು, ಇಳಿದು ಡೋರಿಸಳ ಕೈಗೆ ಕೊಟ್ಟಳು. ಈಗ ಸರಿಯಾಗಿತ್ತು. ಆದರೂ ಸುತ್ತು ಹಾಕಿ ಹಿಂದಿನ ಬಾಗಿಲ ಕಡೆ ನಡೆದಳು, ಇನ್ನೊಂದು ಸಲಕ್ಕೆ. ಹಾರ್ಲನ್ನಿಗೆ ಕಂಡದ್ದು ಅವಳ ಬೆನ್ನಷ್ಟೇ.

ಯಾರೋ ಹಿಂದಿನ ಸಾಲಿನಿಂದ ದೀಪಗಳನ್ನು ಆರಿಸತೊಡಗಿದರು. ಕತ್ತಲು ಒಂದೊಂದೇ ಸಾಲಾಗಿ ವೇದಿಕೆಯ ಕಡೆ ಬಂತು. ಅದರೊಳಗಿಂದ ಬೂಟಿನ ಸದ್ದು, ಅವಸರವಿಲ್ಲದ್ದು. ಹಾರ್ಲನ್ ಬಲಗೈ ನೀಡಿ, ಎಡಗೈಯಲ್ಲಿ ಫೋಲ್ಡರು ಚಾಚಿಕೊಂಡು ನಿಂತೇ ಇದ್ದ.