ಕಿವಿಯವರೆಗೆ ಎದ್ದ ಕೈ

ಅಮ್ಮನ ಬೆರಳು ಸಿಹಿತಿಂಡಿ ಡಬ್ಬಿಯ ದಾರಕ್ಕೆ ಹೋಯಿತು, ಬೇಡಮ್ಮಾ, ಈಗಲೇ ಬಿಚ್ಚಬೇಡ, ನನ್ನ ಪ್ರಬಂಧದ ಮೌಖಿಕ ಪರೀಕ್ಷೆ ಇನ್ನೂ ಮುಗಿದಿಲ್ಲ, ಮುಗಿಯುತ್ತದೋ ಇಲ್ಲವೋ ಅದೂ ಗೊತ್ತಿಲ್ಲ, ಎಂದು ಶಹಿನಾಜ್ ನಿಂತಲ್ಲಿಂದಲೇ ಕಣ್ಣಲ್ಲಿ ಹೇಳಿದಳು, ಅಮ್ಮನಿಗೆ ಅದು ತಿಳಿಯಲಿಲ್ಲ, ಬೆನಾವ್ದಾ ಮೇಷ್ಟ್ರ ಇಂಗ್ಲಿಷಂತೂ ಮೊದಲೇ ತಿಳಿಯುವುದಿಲ್ಲ, ಅವರು ದನಿ ಏರಿಸಿದಷ್ಟೂ ಮಗಳನ್ನು ಹೊಗಳುತ್ತಿದ್ದಾರೆಂದು ಮುಖ ಅರಳಿಸಿಕೊಂಡು ಕೂತಿದ್ದಾಳೆ, ಪಕ್ಕದಲ್ಲಿ ಒರಾನ್‌ನಿಂದ ಬಂದ ಘನಿಯಾ ಚಿಕ್ಕಮ್ಮ, ಅಕ್ಕಾ, ಈಗ ಖುಷಿಯ ಯೂಯೂ ಕೂಗು ಹಾಕ್ಲೇನೇ, ತಡಿಯೇ, ಅವ್ರು ಕನ್ನಡಕ ತೆಗೀಲಿ, ಕನ್ನಡಕ ತೆಗೆದ್ರೆ ಪಾಸು ಅಂತ ಲೆಕ್ಕ — ಯಾರು ಹೇಳಿದರೋ ಅಮ್ಮನಿಗೆ, ಮೇಷ್ಟ್ರು ಕನ್ನಡಕ ತೆಗೆಯಲಿಲ್ಲ, ಪ್ರಬಂಧದ ನಲವತ್ತೆರಡನೇ ಪುಟದ ಮೇಲೆ ಬೆರಳಿಟ್ಟು, ಹೆಸರಿನ ಬದಲು ನಂಬರು ಹಾಕಿದೀಯಲ್ಲ, ಯಾರಮ್ಮ ಈ ಏಳನೇ ನಂಬರು, ಎಂದು ಎರಡನೇ ಸಲ ಕೇಳಿದರು. ಒಂದು, ಎರಡು, ಎಣಿಕೆ ತಾನಾಗಿಯೇ ಶುರುವಾಯಿತು, ವರ್ಷವಿಡೀ ಬಿದ್ದ ಚಾಳಿ, ಇಂಗ್ಲಿಷ್ ತರಗತಿಗಳ ಕೊನೇ ಬೆಂಚಿನಲ್ಲಿ ಫೋನಿನ ಗಡಿಯಾರ ಹಿಡಿದು ಕೂತದ್ದು, ಮೇಷ್ಟ್ರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎಂದು, ಅಷ್ಟೇ ಅವಳ ಸಂಶೋಧನೆ, ಎರಡು ಸೆಕೆಂಡು, ಅದಕ್ಕಿಂತ ಹೆಚ್ಚು ಯಾರೂ ಕಾಯಲಿಲ್ಲ, ಇವರೂ ಕಾಯುವುದಿಲ್ಲ, ನೋಡು, ಆಗಲೇ ಮುಂದಿನ ಪ್ರಶ್ನೆ ಬಂತು.

ಹನ್ನೊಂದು ಸೆಕೆಂಡು ಬಾಯಿ ಮುಚ್ಕೊಂಡಿದ್ದು ಆಮೇಲೆ ತಪ್ಪಿಲ್ಲದ ಇಂಗ್ಲಿಷ್ ಮಾತಾಡೋರು ಎಲ್ಲಾದ್ರೂ ಇದ್ದಾರಾ, ಇದು ನೀನು ಮನೇಲಿ ಕೂತು ಕಟ್ಟಿದ ಕತೆ. ಇದ್ದಾಳೆ, ಉಸ್ತಾದ್, ಇಲ್ಲೇ ಇದ್ದಾಳೆ, ನಿಮ್ಮೆದುರಿಗೆ, ಬಾಗಿಲ ಪಕ್ಕದ ಕೊನೇ ಸಾಲಿನಲ್ಲಿ, ಅಮ್ಮನ ತೊಡೆಯ ಮೇಲಿನ ಡಬ್ಬಿಯಲ್ಲಿರುವ ರವೆಯ ಸಿಹಿ, ಮಕ್ರೂದ್, ಮಾಡಿಕೊಟ್ಟವಳೇ ಅವಳು, ಡಬ್ಬಿ ಕೊಟ್ಟು ಹೋಗುತ್ತೇನೆ ಅಂದವಳು ಯಾಕೆ ಕೂತಳೋ, ವಸೀಲಾ, ಯಾಕೆ ಕೂತೆ, ಎದ್ದು ಹೋಗಬಾರದಾ. ಎರಡನೇ ವರ್ಷದ ಮಾತುಗಾರಿಕೆಯ ತರಗತಿ, ಇದೇ ಬೆನಾವ್ದಾ ಮೇಷ್ಟ್ರು, ಏನೋ ಪ್ರಶ್ನೆ, ಪಕ್ಕದಲ್ಲಿ ವಸೀಲಾ, ಅವಳ ತುಟಿ ಅಲ್ಲಾಡುತ್ತಿದೆ, ಮೊದಲು ಮನೆಮಾತಿನ ಅರಬ್ಬಿ ಬರತ್ತೆ ಕಣೇ, ಅದನ್ನ ತಳ್ಳಿದ್ರೆ ಫ್ರೆಂಚು ನುಗ್ಗತ್ತೆ, ಅದನ್ನೂ ಆಚೆ ಹಾಕಿದ್ಮೇಲೆ ಇಂಗ್ಲಿಷು ಮೆಲ್ಲಗೆ ಬರತ್ತೆ, ಅಷ್ಟ್ರಲ್ಲಿ ಇವ್ರು ಇನ್ನೊಬ್ರನ್ನ ಕೇಳಿರ್ತಾರೆ, ಎಂದು ನಂತರ ಹೇಳಿದ್ದಳು, ಅವತ್ತು ಕೈ ಎತ್ತಿದಳು, ಕಿವಿಯವರೆಗೆ, ಅಲ್ಲಿ ಅನುಮಾನಿಸಿ ನಿಂತಿತು ಕೈ, ಮೇಷ್ಟ್ರು, ಏನಮ್ಮ, ಕಿವಿ ಕೆರ್ಕೊಳ್ತಿದೀಯಾ, ಮನೇಲಿ ಕೆರ್ಕೊಂಡ್ ಬಾ, ಅಂದರು, ತರಗತಿಯೆಲ್ಲ ನಕ್ಕಿತು, ಶಹಿನಾಜಳೂ ನಕ್ಕಳು. ನಕ್ಕಿದ್ದಳು. ಮೇಷ್ಟ್ರ ತಮಾಷೆ ಬರೆದಿದ್ದಾಳೆ, ತನ್ನ ನಗುವನ್ನು ಪ್ರಬಂಧದ ಯಾವ ಪುಟದಲ್ಲೂ ಬರೆದಿಲ್ಲ. ವಸೀಲಾ ಮತ್ತೆ ಬಾಯಿ ತೆರೆಯಲಿಲ್ಲ, ಮುಂದಿನ ವರ್ಷ ಬರಲೂ ಇಲ್ಲ, ಮನೆಯಲ್ಲೇ ಮದುವೆಗಳಿಗೆ ತಿಂಡಿ ಮಾಡಲು ಶುರುಮಾಡಿದಳು, ಎರಡು ವರ್ಷ ಬಿಟ್ಟು ಮಾತು ದಾಖಲಿಸಲು ಫೋನ್ ಹಿಡಿದುಕೊಂಡು ಅವಳ ಅಡುಗೆಮನೆಗೆ ಹೋದಾಗ ಅಚ್ಚಿಗೆ ರವೆ ಒತ್ತುತ್ತಿದ್ದಳು, ಅವತ್ತು ಏನು ಹೇಳಬೇಕೆಂದಿದ್ದೆ, ಎಂದು ಇಂಗ್ಲಿಷಿನಲ್ಲಿ ಕೇಳಿ ಎಣಿಸುತ್ತ ಕೂತಳು ಶಹಿನಾಜ್, ಹತ್ತು, ಹನ್ನೊಂದು, ನಾನು ಒಪ್ಪೋದಿಲ್ಲ ಉಸ್ತಾದ್ ಅಂತ, ಯಾಕೆ ಅಂತ ಕಾರಣ ಸಮೇತ, ಒಂದೇ ಉಸಿರಿಗೆ ಇಂಗ್ಲಿಷಿನಲ್ಲೇ ಹೇಳಿದಳು ವಸೀಲಾ, ಒಂದು ತಪ್ಪಿಲ್ಲ. ನನ್ನ ಹೆಸರು ಮಾತ್ರ ಯಾರಿಗೂ ಹೇಳ್ಬೇಡ ಕಣೇ, ಮತ್ತೆ ನಗ್ತಾರೆ. ಹೇಳಲ್ಲ, ಸತ್ರೂ ಹೇಳಲ್ಲ, ರವೆ ಮೆತ್ತಿದ ಆ ಕೈ ಹಿಡಿದು ಕೊಟ್ಟ ಮಾತು ಅದು.

ಹೆಸರು ಹೇಳು, ಇಲ್ಲಾ ಅವರ ದನಿ ಕೇಳ್ಸು, ಫೋನಲ್ಲಿದೆ ತಾನೆ, ಎರಡೂ ಆಗ್ದಿದ್ರೆ ಸೆಪ್ಟೆಂಬರಿಗೆ ಮರುಪರೀಕ್ಷೆಗೆ ಬಾ. ಫೋನು ಮೇಜಿನ ಮೇಲೇ ಇದೆ, ಒಂದು ಬೆರಳು ತಾಗಿಸಿದರೆ ಸಾಕು, ಸೆಪ್ಟೆಂಬರ್ ಅಂದರೆ ತನಗೆ ಸಿಗಲಿದ್ದ ಶಾಲೆಯ ಕೆಲಸ ಬೇರೆಯವರ ಪಾಲು, ಅಮ್ಮ ಡಬ್ಬಿಯ ದಾರ ಬಿಚ್ಚದೆ ಬಸ್ಸಿನಲ್ಲಿ ವಾಪಸ್ಸು, ವಸೀಲಾಳಿಗೇನು ನಷ್ಟ, ಅವಳು ಓದು ಬಿಟ್ಟಾಯಿತಲ್ಲ, ಗುರುತು ಸಿಕ್ಕರೆ ಸಿಗಲಿ, ಥೂ, ಎಂಥ ಯೋಚನೆ, ಇನ್ನೊಂದು ಸಲ ನಕ್ಕ ಹಾಗೆಯೇ ಅಲ್ಲವಾ ಇದು, ಮಾರ್ಗದರ್ಶಿ ಹೂರಿಯಾ ಮೇಡಂ ತಲೆ ತಗ್ಗಿಸಿ ಪೆನ್ನು ತಿರುಗಿಸುತ್ತಿದ್ದಾರೆ, ಸಹಾಯಕ್ಕೆ ಬರುವುದಿಲ್ಲ, ಮೇಷ್ಟ್ರಿಗೂ ನೆನಪಿಲ್ಲ, ಪುಟದಲ್ಲಿರುವ ಆ ಕಿವಿಯ ತಮಾಷೆ ತನ್ನದೇ ಅಂತ ಗೊತ್ತಾಗಿದೆ, ಅದಕ್ಕೇ ಈ ಸಿಟ್ಟು, ಆದರೆ ಯಾರಿಗೆ ಅಂದದ್ದು ಅಂತ ನೆನಪಿಲ್ಲ, ಎಷ್ಟು ಜನಕ್ಕೆ ಅಂದಿದ್ದರೋ. ಫೋನನ್ನು ಮಗುಚಿ ಹಾಕಿ ಅದರ ಮೇಲೆ ಅಂಗೈ ಇಟ್ಟಳು. ಹೇಳೋದಿಲ್ಲ, ಉಸ್ತಾದ್. ಸರಿ ಹಾಗಾದ್ರೆ, ಎಂದು ಅವರು ಕನ್ನಡಕ ತೆಗೆದರು, ಬರೆಯುವುದಕ್ಕೆ, ಪೆನ್ನಿನ ಮುಚ್ಚಳ ತೆಗೆದರು, ಅಮ್ಮ ದಾರ ಎಳೆದಳು, ಚಿಕ್ಕಮ್ಮ ಉಸಿರು ತುಂಬಿಕೊಂಡಳು, ಅಯ್ಯೋ ಬೇಡ, ಬೇಡ, ಆಗ ಕೊನೇ ಸಾಲಿನಲ್ಲಿ ಏನೋ ಅಲ್ಲಾಡಿತು, ಬಾಗಿಲ ಪಕ್ಕ, ಒಂದು ಕೈ, ಕಿವಿಯವರೆಗೆ ಎದ್ದು ನಿಂತಿದೆ, ಬೇಡ ವಸೀಲಾ, ಇಳಿಸು, ನಾನು ಹೇಳಿಲ್ಲ ಕಣೇ, ಮೇಷ್ಟ್ರು ನೋಡಿದರು, ಬಾಯಿ ತೆರೆದರು, ಏನಮ್ಮ — ಇರಿ, ಎಂದಳು ಶಹಿನಾಜ್, ಇಂಗ್ಲಿಷಿನಲ್ಲೇ, ಅವಳ ದನಿ ಅವಳಿಗೇ ಹೆದರಿಕೆಯಾಗುವಷ್ಟು ಜೋರಾಗಿ, ಸ್ವಲ್ಪ ಕಾಯಿರಿ, ಚಿಕ್ಕಮ್ಮನ ಉಸಿರು ಒಳಗೇ ಉಳಿಯಿತು, ಮೂರು, ನಾಲ್ಕು, ಅರಬ್ಬಿ ಹೋಗಲಿ, ಐದು, ಮೇಷ್ಟ್ರ ಬಾಯಿ ಇನ್ನೂ ತೆರೆದೇ ಇದೆ, ಆರು, ಫ್ರೆಂಚು ಹೋಗಲಿ, ಏಳು, ಎಂಟು, ಯಾರೂ ನಗುತ್ತಿಲ್ಲ, ಒಂಬತ್ತು, ಕೈ ಇಳಿಯಲಿಲ್ಲ, ಕಿವಿ ದಾಟಿತು, ತಲೆ ದಾಟಿತು, ಹತ್ತು, ಆ ಕೈ, ಉಗುರ ಸಂದಿಯಲ್ಲಿ ರವೆ, ನೆಟ್ಟಗೆ, ಆ ಕೈ