ಗುಡ್ಡದಾಚೆಯ ಸಂಬಂಧ

ಬಾಚಣಿಗೆ ಮಾರುವವಳು ಅಂಗಳಕ್ಕೆ ಬಂದಾಗ ನಾನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಕಾಲನ್ನು. ಹೊಸ ರಬ್ಬರ್ ಚಪ್ಪಲಿ. ಯುದ್ಧದ ಕಾಲ, ಜಪಾನಿಗಳ ಆಳ್ವಿಕೆಯ ನಮ್ಮ ಕೊರಿಯದಲ್ಲಿ ಊರಿಗೂರೇ ಹುಲ್ಲಿನ ಚಪ್ಪಲಿ ಹೆಣೆದು ಮೆಟ್ಟುತ್ತಿರುವಾಗ ಇವಳಿಗೆ ರಬ್ಬರ್ ಕೊಟ್ಟವರು ಯಾರು?

"ಗುಡ್ಡದಾಚೆ ಒಳ್ಳೇ ಸಂಬಂಧ ಇದೆ ಅಕ್ಕಾ. ಇಪ್ಪತ್ತರ ಹುಡುಗ, ಒಬ್ಬನೇ ಮಗ. ನಿಮ್ಮ ಸುನ್ನಿಮಳನ್ನ ಈ ವಾರವೇ ಮನೆ ತುಂಬಿಸ್ಕೋತಾರೆ."

"ನನ್ನ ಮಗಳ ಹೆಸರು ನಿನಗೆ ಹೇಳಿದ್ಯಾರು?"

"ಹೆಣ್ಣಿರೋ ಮನೆ ಯಾರಿಗೆ ಗೊತ್ತಿರಲ್ಲ?"

ಸುನ್ನಿಮ್ ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ, ಒಂದನ್ನೂ ಅವಳು ಕೇಳಲಿಲ್ಲ. ಎತ್ತು ಕೊಳ್ಳುವವನೂ ಹಲ್ಲು ನೋಡುತ್ತಾನೆ. ಈ ನಾಲ್ಕು ಕೇಳದೆ ಸಂಬಂಧ ತಂದವರನ್ನು ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ. ಪಕ್ಕದೂರಿನ ಹುಡುಗಿಯರನ್ನು ಹೀಗೇ ನಯವಾಗಿ ಮಾತಾಡಿ ಕರೆದೊಯ್ದಿದ್ದರು, ಮತ್ತೆ ಸುದ್ದಿಯೇ ಇಲ್ಲ. ಪೊರಕೆ ಎತ್ತಿಕೊಂಡೆ.

"ನಡಿ ಆಚೆ. ಬಾಚಣಿಗೆ ನಿನ್ನ ತಲೆಗೇ ಇಟ್ಕೋ."

ಅವಳು ಹೋದರೂ ನನಗೆ ಸಮಾಧಾನವಿಲ್ಲ. ನೀರಿಗೆ ಬಂದ ಎದುರುಮನೆಯವಳ ಮೇಲೂ ಒಂದು ಕಣ್ಣಿಟ್ಟೆ.

"ನಿನಗೆ ಎಲ್ಲರೂ ಕಳ್ಳರೇ ಏನವ್ವಾ?" ಅಂದಳು ಸುನ್ನಿಮ್.

"ಹೂಂ, ನಿನ್ನೊಬ್ಬಳನ್ನ ಬಿಟ್ಟು."

ಮರುದಿನ ಬಂದವನನ್ನು ಮಾತ್ರ ನಾನು ನಂಬಿದ್ದೆ. ಸರ್ಕಾರ ನೇಮಿಸಿದ ನಮ್ಮ ಹತ್ತು ಮನೆಗಳ ಮುಖಂಡ ಪಾಕ್, ನನ್ನ ಗಂಡನ ಬಾಲ್ಯದ ಗೆಳೆಯ. ಹುಕುಮಿನಂತೆ ಈಗ ಅರಾಯಿ ಅಂತ ಜಪಾನಿ ಹೆಸರು. ಗಂಡನನ್ನು ಜಪಾನಿನ ಗಣಿಗೆ ಒಯ್ದ ಮೇಲೆ ನಮ್ಮ ಪಡಿತರದ ಸೋಯಾ ಹಿಂಡಿಗೆ ಒಂದು ಹಿಡಿ ಹೆಚ್ಚು ಹಾಕಿಸುತ್ತಿದ್ದ.

"ಅತ್ತಿಗೇ, ಜಪಾನಿನಲ್ಲಿ ದಾರದ ಕಾರ್ಖಾನೆ. ಹೊಟ್ಟೆ ತುಂಬ ಊಟ. ಮದುವೆಯಾಗದ ಹುಡುಗೀರು ನಾಳಿದ್ದು ಹೊರಡ್ಬೇಕು." ನನ್ನ ಮುಖ ನೋಡದೆಯೇ ಅಂದ.

"ಅವಳ ಮದುವೆ ಆಗಿಹೋಯ್ತಲ್ಲ," ಅಂದುಬಿಟ್ಟೆ. "ಗುಡ್ಡದಾಚೆ. ಅವಸರದಲ್ಲಿ ಕರೆಯೋಕಾಗ್ಲಿಲ್ಲ."

ಹಿತ್ತಿಲಲ್ಲಿ ಮಗಳು ಬಟ್ಟೆ ಬಡಿಯುವುದು ಅವನಿಗೂ ಕೇಳುತ್ತಿತ್ತು. "ಹಾಗಾದ್ರೆ ನಾಳೆ ಅಳಿಯನ ಮನೆಗೇ ಹೋಗಿ ನೋಡ್ಕೊಂಡು ಬರ್ತೀನಿ," ಅಂದು ಹೊರಟ. ಒಂದು ದಿನದ ಉಪಕಾರವೋ, ಬೆದರಿಕೆಯೋ, ಇವತ್ತಿಗೂ ಗೊತ್ತಿಲ್ಲ.

ಮಗಳ ರಟ್ಟೆ ಹಿಡಿದು ಗುಡ್ಡ ಹತ್ತಿದೆ. ಕೇಳಿಕೊಂಡು ಹೋಗಿ ನೋಡಿದರೆ ಬಾಚಣಿಗೆಯವಳು ಆ ಹುಡುಗನ ಚಿಕ್ಕಮ್ಮನೇ. ಚಪ್ಪಲಿ ಹುಡುಗನ ತಾಯಿಯದು, ಸಂಬಂಧ ಕೇಳಲು ಹೋಗುವವಳ ಮರ್ಯಾದೆಗೆಂದು ಎರವಲು ಕೊಟ್ಟದ್ದು.

"ನಿನ್ನೆ ಪೊರಕೆ, ಇವತ್ತು ಮಗಳು," ಅಂದಳು ಚಿಕ್ಕಮ್ಮ.

ತಾಯಿ ನನ್ನನ್ನು ಒಳಗೆ ಕರೆದಳು, ಕಣ್ಣು ಮಾತ್ರ ಅಂಗಳದಲ್ಲಿ ನಿಂತ ಸುನ್ನಿಮಳ ಹೊಟ್ಟೆಯ ಮೇಲೆ. "ಇಷ್ಟು ಅವಸರ ಯಾಕೆ? ಹುಡುಗಿ ಎಲ್ಲಾದ್ರೂ ಎಡವಿದ್ದಾಳಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮಗ್ಯಾಕೆ ಅವಸರ, ಮೊದಲು ಅದನ್ನ ಹೇಳಿ."

ಅವಳ ಕಣ್ಣು ಗೋಡೆಯ ಕಡೆ ಹೊರಳಿತು. ಆಗ ಕಂಡಿತು, ಗೂಟದಲ್ಲಿ ಒಂದು ಬಿಳಿ ಪಟ್ಟಿ, ಉದ್ದಕ್ಕೂ ಕೆಂಪು ದಾರದ ಗಂಟುಗಳು. ಯುದ್ಧಕ್ಕೆ ಹೋಗುವವನ ಸೊಂಟಕ್ಕೆ ಕಟ್ಟಲು ಸಾವಿರ ಹೆಂಗಸರ ಕೈಲಿ ಹಾಕಿಸುವ ಗಂಟು. ಆ ವರ್ಷದಿಂದ ನಮ್ಮ ಕೊರಿಯದ ಹುಡುಗರನ್ನೂ ಜಪಾನಿಗಳು ಸೈನ್ಯಕ್ಕೆ ಎಳೆಯುತ್ತಿದ್ದರು.

"ಯಾವತ್ತು?" ಅಂದೆ.

"ನಾಡಿದ್ದು," ಅಂದಳು ತಾಯಿ. "ವಂಶಕ್ಕೊಂದು ಕುಡಿಯಾದ್ರೂ ಉಳೀಲಿ ಅಂತ." ಅವಳ ಬಿಗುಮಾನ ಇಳಿದಿತ್ತು, ನನ್ನದೂ.

ಎದ್ದು ಹೋಗಬಹುದಿತ್ತು. ಹೋಗಿ ಯಾರ ಕೈಗೆ ಕೊಡಲಿ ಮಗಳನ್ನು? "ನೀರಿಡಿ," ಅಂದೆ. ಬಡವರ ಮದುವೆಗೆ ಒಂದು ಬಟ್ಟಲು ಬಾವಿನೀರು ಸಾಕು. ಬೀಗಿತ್ತಿ ಪಟ್ಟಿಯನ್ನು ತೆಗೆದು ಹಾಸಿಗೆಯ ಅಡಿಗೆ ತುರುಕಿದಳು. ನಾನು ನೋಡದವಳ ಹಾಗೆ ಕೂತಿದ್ದೆ.

ಮಗಳನ್ನು ಕರೆದು, ಜಡೆ ಬಿಚ್ಚಿ ಮದುವೆಯಾದವಳ ತುರುಬು ಕಟ್ಟತೊಡಗಿದೆ.

"ಅವ್ವಾ," ಅಂತ ಪಿಸುಗುಟ್ಟಿದಳು, "ಇವರೇನೂ ಮುಚ್ಚಿಡ್ತಿಲ್ಲ ತಾನೇ?"

"ಇಲ್ಲ ಕಣೇ."

ಯಾರನ್ನೂ ನಂಬದ ಅವ್ವನೇ ಹೇಳಿದಳಲ್ಲ ಅಂತ, ನನ್ನ ಕೂಸು ನಂಬಿಬಿಟ್ಟಿತು.